ಮೈಯಲ್ಲೇ ಇರುವ ಬಣ್ಣ

ಕಳೆದ ಮೇ ತಿಂಗಳಲ್ಲಿ ಕುಮಟಾದಲ್ಲಿ ಒಂದು ಮದುವೆ ಇತ್ತು. ಬೆಳಗ್ಗೆ ಬೇಗ ಶಿರಸಿ ಬಿಟ್ಟು ಘಟ್ಟ ಇಳಿದೆವು. ಸಭಾಭವನದ ಎದುರು ಕಾರು ನಿಲ್ಲಿಸುವ ಹೊತ್ತಿಗೆ ಕರಾವಳಿಯ ಸೆಕೆ ಮೈಗೆ ಅಂಟತೊಡಗಿತ್ತು. ಆಯಿ, ಅಂದರೆ ನನ್ನ ಅಮ್ಮ, ಹಿಂದಿನ ಸೀಟಿನಿಂದ ಇಳಿದು ಸೀರೆ ಸರಿಮಾಡಿಕೊಂಡಳು. ಅವಳ ಹಿಂದೆ ನಿಂತಿದ್ದ ನನ್ನ ಹೆಂಡತಿ ಮಾತಾಡದೆ ನನ್ನ ಮುಖ ನೋಡಿದಳು. ಕೆನೆ ಬಣ್ಣದ ರೇಷ್ಮೆ ಸೀರೆ, ಬೆನ್ನಿನಿಂದ ಮೊಣಕಾಲ ತನಕ ಕಪ್ಪು ಚಕ್ಕೆಗಳು. ಸುಟ್ಟ ಕಾಗದದ ಚೂರಿನ ಹಾಗೆ. ಕೊಡವಿದರೆ ಒಣಗಿದವು ಉದುರಿದವು. ಉಳಿದವು ಸೆಕೆಗೆ ಮೆತ್ತಗಾಗಿದ್ದವು. ಉಗುರಿನಿಂದ ಕೆರೆದರೆ ಹರಡಿ ಮಸಿಯ ಗೆರೆಯಾದವು. "ತಮಾ, ಎಂತದು ಅಂಟಿದ್ದು?" ಅಂತ ಆಯಿ ಕತ್ತು ತಿರುಗಿಸಿ ಕೇಳಿದಳು. ಊಟ ಮುಗಿಯುವ ತನಕ ಅವಳು ಸೆರಗನ್ನು ಹಿಂದಿನಿಂದ ಸುತ್ತಿ ಹಿಡಿದುಕೊಂಡೇ ಓಡಾಡಿದಳು. ಅಕ್ಷತೆ ಹಾಕುವಾಗಲೂ ಒಂದು ಕೈ ಸೆರಗಿನ ಮೇಲೇ ಇತ್ತು.

ಆ ಕಪ್ಪು ಚಕ್ಕೆ ನಮ್ಮ ಕಾರಿನ ಹಿಂದಿನ ಸೀಟಿನದು. ಒಂಬತ್ತು ವರ್ಷದ ಹಿಂದೆ ಕಾರು ತಂದ ದಿನ ಶೋರೂಮಿನವರೇ ಹಾಕಿಕೊಟ್ಟ ಸೀಟ್ ಕವರ್. ಬಿಲ್ಲಿನಲ್ಲಿ 'ಲೆದರ್' ಅಂತ ಬರೆದಿತ್ತು. ನಾಲ್ಕು ಮಳೆಗಾಲ ಕಳೆದ ಮೇಲೆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಆಮೇಲೆ ಹಪ್ಪಳದ ಹಾಗೆ ಉಬ್ಬಿತು. ಆಮೇಲೆ ಸುಲಿಯಿತು. ಇಂಜಿನ್ ಮಾತ್ರ ಇವತ್ತಿಗೂ ಘಟ್ಟವನ್ನು ಒಂದೇ ಉಸಿರಿಗೆ ಹತ್ತುತ್ತದೆ. ಕಾರು ಕೊಳ್ಳುವಾಗ ನಾವು ಮೈಲೇಜು ಕೇಳುತ್ತೇವೆ, ಡಿಕ್ಕಿ ಅಳೆಯುತ್ತೇವೆ, ಮಾರುವಾಗ ಎಷ್ಟು ಬರುತ್ತದೆ ಅಂತಲೂ ಲೆಕ್ಕ ಹಾಕುತ್ತೇವೆ. ದಿನವೂ ಮೈಗೆ ತಾಗುವ ಸೀಟು, ಕೈಗೆ ಸಿಗುವ ಸ್ಟೀರಿಂಗು, ಮೊಣಕೈ ಊರುವ ಡೋರ್ ಪ್ಯಾಡು, ಇವು ಎಷ್ಟು ವರ್ಷ ಬಾಳುತ್ತವೆ ಅಂತ ನಾನು ಯಾರನ್ನೂ ಕೇಳಿರಲಿಲ್ಲ. ಈ ಸಲ ಹೊಸ ಕಾರು ಕೊಳ್ಳೋಣ ಅಂತ ಮನೆಯಲ್ಲಿ ಮಾತು ಬಂದಾಗ ನಾನು ಇಲ್ಲಿಂದಲೇ ಶುರು ಮಾಡಿದೆ.

ಕುಶನ್ ಅಂಗಡಿಯಲ್ಲಿ ಕಂಡದ್ದು

ಮೊದಲು ಹೋಗಿದ್ದು ಕುಶನ್ ಅಂಗಡಿಗೆ. ಬಸ್ಸು, ಆಟೋ, ಟ್ರ್ಯಾಕ್ಸು, ಮನೆಯ ಸೋಫಾ ಎಲ್ಲದರ ಸೀಟನ್ನೂ ಹೊಲಿದುಕೊಡುವ ಅಂಗಡಿ ಅದು. ಯಾವ ಬಟ್ಟೆ ಯಾವ ವರ್ಷಕ್ಕೆ ಕೈಕೊಡುತ್ತದೆ ಅನ್ನುವುದು ಅಲ್ಲಿಯವರಿಗೆ ಗೊತ್ತಿರುವಷ್ಟು ಶೋರೂಮಿನವರಿಗೆ ಗೊತ್ತಿರುವುದಿಲ್ಲ. ಯಾಕೆಂದರೆ ಶೋರೂಮಿನವರು ಹೊಸದನ್ನು ಮಾತ್ರ ನೋಡುತ್ತಾರೆ, ಇವರ ಕೈಗೆ ಬರುವುದು ಹಾಳಾದ ಮೇಲೆ. ಅಂಗಡಿಯಣ್ಣ ನಮ್ಮ ಹಿಂದಿನ ಸೀಟಿನಿಂದ ಅಂಗೈಯಗಲದ ತುಂಡೊಂದನ್ನು ಕತ್ತರಿಸಿ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು. ಕಪ್ಪು ಪದರ ಎದ್ದು ಬಂತು, ಅಡಿಯಲ್ಲಿ ಬನಿಯನ್ ಬಟ್ಟೆಯಂಥ ತೆಳು ಹೆಣಿಗೆ ಉಳಿಯಿತು. "ನೋಡಿ, ನೀವು ದುಡ್ಡು ಕೊಟ್ಟಿದ್ದು ಈ ಮೇಲಿನದ್ದಕ್ಕೆ. ದಪ್ಪ ಎಷ್ಟಿದೆ ಅಂತ ನೀವೇ ನೋಡಿ" ಅಂದರು. ಬೆರಳ ತುದಿಯ ಮೇಲಿದ್ದ ಆ ಪದರ ಈರುಳ್ಳಿ ಸಿಪ್ಪೆಗಿಂತ ದಪ್ಪ ಇರಲಿಲ್ಲ.

ಈ ನಕಲಿ ಚರ್ಮಕ್ಕೆ ಲೆದರೆಟ್ ಅನ್ನುತ್ತಾರೆ, ಅದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಪಿವಿಸಿ, ಅಂದರೆ ನಾವು ರೆಕ್ಸಿನ್ ಅನ್ನುವುದು. ಇನ್ನೊಂದು ಪಿಯು, ಪಾಲಿಯುರಿಥೇನ್. ಪಿಯು ಮುಟ್ಟಲು ಮೆತ್ತಗೆ, ನೋಡಲು ಚರ್ಮದ ಹಾಗೇ ಇರುತ್ತದೆ. ಆದರೆ ಅದರ ಅಗ್ಗದ ಜಾತಿಗೆ ಸೆಕೆ ಮತ್ತು ತೇವ ಎರಡೂ ಒಟ್ಟಿಗೆ ಬಂದರೆ ಆಗಿಬರುವುದಿಲ್ಲ. ಗಾಳಿಯಲ್ಲಿರುವ ನೀರೇ ಅದರ ಕೊಂಡಿಗಳನ್ನು ನಿಧಾನವಾಗಿ ಬಿಡಿಸುತ್ತದೆ. ಬಳಸದೆ ಇಟ್ಟ ಶೂ ನಾಲ್ಕೈದು ವರ್ಷದ ಮೇಲೆ ತೆಗೆದಾಗ ಅಟ್ಟೆ ರವೆಯ ಹಾಗೆ ಪುಡಿಯಾಗುವುದನ್ನು ನೀವೂ ನೋಡಿರಬಹುದು, ಅಲ್ವಾ? ಅದೂ ಹೆಚ್ಚಾಗಿ ಇದೇ ಕಥೆ. ಪಿಯುನಲ್ಲೂ ತೇವ ತಡೆಯುವ ಒಳ್ಳೆಯ ಜಾತಿ ಇದೆ, ಪಾಲಿಕಾರ್ಬೊನೇಟ್ ಮೂಲದ್ದು. ಅದು ಸೀಟಿನ ಮೇಲೆ ಇದೆಯೋ ಇಲ್ಲವೋ ಅನ್ನುವುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಪಿವಿಸಿಯ ಸಾವು ಬೇರೆ ರೀತಿ. ಅದು ಹುಟ್ಟಾ ಗಟ್ಟಿ ಪ್ಲಾಸ್ಟಿಕ್, ಮನೆಯ ನೀರಿನ ಪೈಪೂ ಅದೇ. ಎಣ್ಣೆಯಂಥ ದ್ರವ ಬೆರೆಸಿ ಅದನ್ನು ಮೆತ್ತಗೆ ಮಾಡುತ್ತಾರೆ. ಬಿಸಿಲಿಗೆ ಆ ಎಣ್ಣೆ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ಹೊಸ ಕಾರಿನ ಮುಂದಿನ ಗಾಜನ್ನು ಒಳಗಿನಿಂದ ಒರೆಸಿದರೆ ಬಟ್ಟೆಗೆ ಜಿಡ್ಡು ಬರುತ್ತದಲ್ಲ, ಅದರಲ್ಲಿ ಇದರದ್ದೂ ಪಾಲಿದೆ. ಎಣ್ಣೆ ಹೋದ ಹಾಗೆ ರೆಕ್ಸಿನ್ ಬಿರುಸಾಗಿ ಕೊನೆಗೆ ಹೊಲಿಗೆಯ ಪಕ್ಕ ಸೀಳುತ್ತದೆ. ಆದರೆ ನಮ್ಮ ಹವೆಗೆ ಅದು ಪಿಯುಗಿಂತ ಜಾಸ್ತಿ ಬಾಳುತ್ತದೆ ಅನ್ನುವುದು ಅಂಗಡಿಯಣ್ಣನ ಅನುಭವ. ಆಟೋದ ಸೀಟು ನೋಡಿ ಅಂದರು. ಮಳೆಗೆ ನೆನೆದು ಬಿಸಿಲಿಗೆ ಒಣಗಿ, ದಿನಕ್ಕೆ ಐವತ್ತು ಜನ ಹತ್ತಿಳಿದರೂ ಅದು ಹರಿಯುತ್ತದೆಯೇ ಹೊರತು ಚಕ್ಕೆ ಏಳುವುದಿಲ್ಲ. ಅಂದಹಾಗೆ ರೆಕ್ಸಿನ್ ಅನ್ನುವುದು ಮೂಲದಲ್ಲಿ ಇಂಗ್ಲೆಂಡಿನ ಒಂದು ಕಂಪನಿ ತನ್ನ ನಕಲಿ ಚರ್ಮಕ್ಕೆ ಇಟ್ಟುಕೊಂಡ ಹೆಸರು. ಆಗ ಅದು ಬಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸ್ ಬಳಿದ ಸರಕಾಗಿತ್ತು. ಕಂಪನಿಯ ಹೆಸರು ಹೋಗಿ ನಮ್ಮ ಬಾಯಲ್ಲಿ ಸರಕಿನ ಹೆಸರೇ ಆಯಿತು.

ಹಾಗಾದರೆ ನಿಜವಾದ ಚರ್ಮವೇ ಒಳ್ಳೆಯದಲ್ಲವೇ ಅಂತ ಕೇಳಿದೆ. ಅಂಗಡಿಯಣ್ಣ ನನ್ನ ಸೊಂಟದ ಬೆಲ್ಟು ತೋರಿಸಿದರು. "ಆಷಾಢದಲ್ಲಿ ಇದನ್ನ ಕಪಾಟಿನಲ್ಲಿ ಇಟ್ಟರೆ ಏನಾಗುತ್ತದೆ?" ಮಲೆನಾಡಿನವರಿಗೆ ಈ ಪ್ರಶ್ನೆಗೆ ಉತ್ತರ ಬೇಕಾಗಿಲ್ಲ. ಎಂಟೇ ದಿನಕ್ಕೆ ಹಸಿರು ಬೂಷ್ಟು. ಚರ್ಮದ ಸೀಟನ್ನು ಮಳೆಗಾಲವಿಡೀ ಒರೆಸುತ್ತ, ಬೇಸಿಗೆಯಲ್ಲಿ ಕ್ರೀಮು ಹಚ್ಚುತ್ತ ನೋಡಿಕೊಳ್ಳಬೇಕು. ನೋಡಿಕೊಂಡರೆ ಅದರಷ್ಟು ಚೆನ್ನಾಗಿ ಹಳೆಯದಾಗುವ ಸರಕು ಬೇರೆ ಇಲ್ಲ, ಇದು ನಿಜ. ಆದರೆ ದುಬಾರಿ ಕಾರಿನಲ್ಲೂ 'ಲೆದರ್ ಸೀಟು' ಅಂದಾಗ ಎಷ್ಟೋ ಸಲ ಮೈ ತಾಗುವ ಜಾಗಕ್ಕೆ ಮಾತ್ರ ಚರ್ಮ, ಪಕ್ಕಕ್ಕೂ ಹಿಂದಕ್ಕೂ ರೆಕ್ಸಿನ್ನೇ ಇರುತ್ತದೆ.

ಕಲಬುರಗಿಯ ಭಾವನ ಕಾರು

ನನ್ನ ಅಕ್ಕನ ಮನೆ ಕಲಬುರಗಿಯಲ್ಲಿ. ಭಾವನ ಹತ್ತಿರ ಇರುವುದೂ ನಮ್ಮದೇ ಮಾಡೆಲ್ ಕಾರು, ಒಂದು ವರ್ಷ ಹಿಂದುಮುಂದು. ಅವರ ಸೀಟು ಒಂಚೂರೂ ಸುಲಿದಿಲ್ಲ. ಅಲ್ಲಿ ಹೋಗಿರುವುದು ಬೇರೆ. ರೂಫ್ ಲೈನಿಂಗಿನ ಬಟ್ಟೆ ಹಿಂದಿನ ಸೀಟಿನ ಮೇಲೆ ಜೋಳಿಗೆಯ ಹಾಗೆ ಜೋತು ಬಿದ್ದಿದೆ. ಬಟ್ಟೆಯ ಹಿಂದೆ ಇರುವ ತೆಳು ಫೋಮು ಬಿಸಿಲಿಗೆ ಪುಡಿಯಾಗಿ ಅಂಟು ಬಿಟ್ಟಿದೆ. ಬಟ್ಟೆ ಮುಟ್ಟಿದರೆ ಅರಿಸಿನದಂಥ ಹಳದಿ ಪುಡಿ ತಲೆಗೆ ಉದುರುತ್ತದೆ. ಬಲಗಡೆಯ ಡೋರ್ ಪ್ಯಾಡಿನ ಮೇಲಂಚು ಬಿಳುಚಿಕೊಂಡಿದೆ, ಡ್ಯಾಶ್‌ಬೋರ್ಡು ಮಾತ್ರ ಅಷ್ಟು ಬಿಳುಚಿಲ್ಲ. ಇದು ಯಾಕೆ ಹೀಗೆ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಕಾರಣ ಗಾಜಿನಲ್ಲಿದೆ. ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು. ಆ ಪದರ ನೇರಳಾತೀತ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಪಕ್ಕದ ಬಾಗಿಲಿನದು ಸಾಮಾನ್ಯವಾಗಿ ಒಂದೇ ಹಾಳೆ. ಅದು ಅಷ್ಟು ತಡೆಯುವುದಿಲ್ಲ.

ಬಿಸಿ ಮಾತ್ರ ಯಾವ ಗಾಜಿಗೂ ನಿಲ್ಲುವುದಿಲ್ಲ. ಅಮೆರಿಕದ ಅರಿಝೋನಾದಲ್ಲಿ ವಿಜ್ಞಾನಿಗಳು ಬಿಸಿಲಿಗೆ ನಿಲ್ಲಿಸಿದ ಕಾರುಗಳ ಒಳಗಿನ ಬಿಸಿಯನ್ನು ಅಳೆದು 2018ರಲ್ಲಿ ಪ್ರಕಟಿಸಿದರು. ಹೊರಗೆ 38 ಡಿಗ್ರಿ ದಾಟಿದ ದಿನ, ಬಿಸಿಲಿನಲ್ಲಿ ಒಂದೇ ಗಂಟೆ ನಿಂತ ಕಾರಿನ ಡ್ಯಾಶ್‌ಬೋರ್ಡು ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಸ್ಟೀರಿಂಗು 53, ಸೀಟು 51. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳು 40 ದಾಟುವುದು ಹೊಸದಲ್ಲ. ಭಾವನ ಕಾರು ಆಫೀಸಿನ ಎದುರು ದಿನಕ್ಕೆ ಎಂಟು ಗಂಟೆ ನಿಲ್ಲುತ್ತದೆ. ಗಾಜಿಗೆ ಕಡುಗಪ್ಪು ಫಿಲ್ಮ್ ಹಚ್ಚೋಣ ಅಂದರೆ ಕಾನೂನು ಬಿಡುವುದಿಲ್ಲ. ಮುಂದೆ ಹಿಂದೆ ಶೇ. 70ರಷ್ಟು, ಪಕ್ಕದಲ್ಲಿ ಶೇ. 50ರಷ್ಟು ಬೆಳಕು ಒಳಗೆ ಬರಲೇಬೇಕು.

ಒಂದೇ ಮಾಡೆಲ್ಲಿನ ಎರಡು ಕಾರು, ಒಂದನ್ನು ತೇವ ತಿಂದಿತು, ಇನ್ನೊಂದನ್ನು ಬಿಸಿಲು. ಹಾಗಾಗಿ 'ಯಾವ ಸೀಟು ಗಟ್ಟಿ?' ಅಂತ ಯಾರಾದರೂ ಕೇಳಿದರೆ ನಾನು ಈಗ ಮೊದಲು ಅವರ ಊರು ಕೇಳುತ್ತೇನೆ. ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ, ಹಗಲು ಎಲ್ಲಿ ನಿಲ್ಲುತ್ತದೆ ಅಂತ ಕೇಳುತ್ತೇನೆ. ಮಾಡು ಇರುವ ಅಂಗಳದಲ್ಲಿ ನಿಲ್ಲುವ ಕಾರಿಗೂ ಹೊನ್ನೆ ಮರದ ಕೆಳಗೆ ನಿಲ್ಲುವ ಕಾರಿಗೂ ಒಂದೇ ಉತ್ತರ ಹೇಗೆ ಕೊಡುವುದು? ಕಂಪನಿಗಳೂ ಬಟ್ಟೆಯನ್ನು ಪರೀಕ್ಷೆ ಮಾಡುತ್ತವೆ. ಮಾರ್ಟಿಂಡೇಲ್ ಅನ್ನುವ ಯಂತ್ರದಲ್ಲಿ ಉಣ್ಣೆ ಬಟ್ಟೆಯಿಂದ ಸಾವಿರಗಟ್ಟಲೆ ಸಲ ಉಜ್ಜಿ ಎಳೆ ಯಾವಾಗ ತುಂಡಾಗುತ್ತದೆ ಅಂತ ನೋಡುತ್ತಾರೆ. ಆದರೆ ಆ ಉಜ್ಜುವಿಕೆಯಲ್ಲಿ ಬೆವರು ಇಲ್ಲ. ಹೆಡ್‌ರೆಸ್ಟಿಗೆ ತಾಗುವ ಕೊಬ್ಬರಿ ಎಣ್ಣೆ ಹಚ್ಚಿದ ತಲೆ ಇಲ್ಲ, ಒದ್ದೆ ಕೊಡೆಯೂ ಇಲ್ಲ.

ಗಟ್ಟಿ ಪ್ಲಾಸ್ಟಿಕ್ಕಿನ ಪರವಾಗಿ ಒಂದು ಮಾತು

ಹೊಸ ಕಾರಿನ ವಿಮರ್ಶೆ ಓದಿದರೆ, ವಿಡಿಯೋ ನೋಡಿದರೆ ಒಂದು ದೂರು ತಪ್ಪುವುದಿಲ್ಲ: ಡ್ಯಾಶ್‌ಬೋರ್ಡು ಗಟ್ಟಿ ಪ್ಲಾಸ್ಟಿಕ್ಕು, ಬೆರಳಿನಲ್ಲಿ ತಟ್ಟಿದರೆ ಟಕ್ ಟಕ್ ಅನ್ನುತ್ತದೆ, ಅಗ್ಗದ್ದು ಅನ್ನಿಸುತ್ತದೆ. ನನಗೆ ಈ ದೂರು ಒಪ್ಪಿಗೆಯಿಲ್ಲ. ನಮ್ಮ ಹಳೆಯ ಕಾರಿನಲ್ಲಿ ಹೊಸದರಂತೆ ಉಳಿದಿರುವುದು ಆ ಗಟ್ಟಿ ಪ್ಲಾಸ್ಟಿಕ್ ಮಾತ್ರ. ಅದು ಪಾಲಿಪ್ರೊಪಿಲೀನ್. ಅಚ್ಚಿಗೆ ಹೋಗುವ ಮೊದಲೇ ಬಣ್ಣ ಬೆರೆಸಿರುತ್ತಾರೆ, ಮೇಲೆ ಸಣ್ಣ ತರಿತರಿ ಇರುತ್ತದೆ. ಗೀರಿದರೂ ಒಳಗೂ ಅದೇ ಬಣ್ಣ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಅದೇ ಕಾರಿನಲ್ಲಿ 'ಪ್ರೀಮಿಯಂ' ಅನ್ನಿಸಲಿ ಅಂತ ಮಾಡಿದ್ದೆಲ್ಲ ಕೈಕೊಟ್ಟಿದೆ. ಕಿಟಕಿ ಸ್ವಿಚ್ಚಿನ ಸುತ್ತ ರಬ್ಬರಿನಂಥ ಮೆತ್ತನೆ ಬಣ್ಣ ಬಳಿದಿದ್ದರು, ಅದು ಆರನೇ ವರ್ಷಕ್ಕೆ ಬೆಲ್ಲದ ಪಾಕದ ಹಾಗೆ ಅಂಟಾಯಿತು. ಒಳಗಿನ ಹಿಡಿಕೆಯ ಬೆಳ್ಳಿ ಬಣ್ಣ ಉಂಗುರ ತಾಗಿ ತಾಗಿ ಎದ್ದು ಅಡಿಯ ಕಪ್ಪು ಕಾಣುತ್ತದೆ. ಗೇರಿನ ಸುತ್ತ ಇರುವ ಕನ್ನಡಿಯಂಥ ಕಪ್ಪು, ಪಿಯಾನೋ ಬ್ಲ್ಯಾಕ್ ಅನ್ನುತ್ತಾರಲ್ಲ, ಅದರ ಮೇಲೆ ಬಟ್ಟೆಯಲ್ಲಿ ಒರೆಸಿದ ಗೀರುಗಳೇ ಜೇಡರ ಬಲೆಯ ಹಾಗೆ ಹೊಳೆಯುತ್ತವೆ. 2020ರಲ್ಲಿ ಎಲ್ಲರೂ ಕೈಗೆ ಸ್ಯಾನಿಟೈಸರ್ ಹಾಕಿಕೊಂಡೇ ಸ್ಟೀರಿಂಗ್ ಹಿಡಿಯುತ್ತಿದ್ದೆವು. ಅದರ ಮೇಲ್ಪದರ ಆ ವರ್ಷವೇ ಹೊಳಪಾಗಿ, ಆಮೇಲೆ ಎದ್ದು ಬಂತು.

ಇದನ್ನೆಲ್ಲ ಆಯಿಯ ಹತ್ತಿರ ಹೇಳುತ್ತ ಕೂತಿದ್ದೆ. ಅವಳು ಅಡಿಕೆ ಆರಿಸುತ್ತಿದ್ದಳು. ಸ್ವಲ್ಪ ಹೊತ್ತು ಕೇಳಿ, "ಬಣ್ಣ ಹಾಕಿದ ಅಡಕೆ ಹಂಗೆ" ಅಂದಳು. ಅಷ್ಟೇ. ನಮ್ಮ ಕಡೆ ರಾಶಿ ಅಡಿಕೆ ಮಾಡುವಾಗ ಹಸಿ ಅಡಿಕೆ ಸುಲಿದು ಚೊಗರು ಹಾಕಿ ಬೇಯಿಸುತ್ತಾರೆ. ಚೊಗರು ಅಡಿಕೆಯದ್ದೇ ರಸ, ಅದು ಅಡಿಕೆಯ ಮೈಯೊಳಗೆ ಇಳಿಯುತ್ತದೆ. ಕೆಲವರು ಹಳೆಯ ಅಡಿಕೆಗೆ ಹೊರಗಿನ ಬಣ್ಣ ಬಳಿದು ರಾಶಿಯಲ್ಲಿ ಸೇರಿಸುತ್ತಾರೆ. ನೋಡಲು ಇದೇ ಜಾಸ್ತಿ ಕೆಂಪು. ಒದ್ದೆ ಹೆಬ್ಬೆರಳಿನಲ್ಲಿ ಉಜ್ಜಿದರೆ ಕೈಗೆ ಬರುತ್ತದೆ. ಕುಶನ್ ಅಂಗಡಿಯಣ್ಣ ಸೀಟಿನ ತುಂಡನ್ನು ಉಜ್ಜಿದ್ದೂ ಹೆಬ್ಬೆರಳಿನಲ್ಲೇ ಅಂತ ನನಗೆ ಆಗ ನೆನಪಾಯಿತು. ಅಲ್ಲಿಂದ ನನ್ನ ಲೆಕ್ಕ ಸುಲಭವಾಯಿತು. ಕಾರಿನ ಒಳಗೆ ಏನೇ ನೋಡಿದರೂ ಒಂದೇ ಪ್ರಶ್ನೆ: ಈ ಬಣ್ಣ ಮೈಯಲ್ಲೇ ಇದೆಯೋ, ಮೇಲೆ ಬಳಿದದ್ದೋ?

ಸೀಟಿನ ಬಟ್ಟೆಗೂ ಇದೇ ಲೆಕ್ಕ ಹಿಡಿಯುತ್ತದೆ. ಕಾರಿನ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರ್. ನೂಲು ತೆಗೆಯುವ ಮೊದಲೇ, ಕರಗಿದ ಸ್ಥಿತಿಯಲ್ಲೇ ಬಣ್ಣ ಬೆರೆಸಿದ ಪಾಲಿಯೆಸ್ಟರ್ ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ. ಸುಲಿಯಲು ಅದಕ್ಕೆ ಮೇಲ್ಪದರವೇ ಇಲ್ಲ. ಸವೆದರೆ ಮೊದಲು ಜುಂಗು ಏಳುತ್ತದೆ, ಆಮೇಲೆ ತೆಳುವಾಗುತ್ತದೆ, ಕೊನೆಗೆ ಹರಿಯುತ್ತದೆ. ಹರಿದರೂ ತೇಪೆ ಹಾಕಲು ಬರುತ್ತದೆ. ಆದರೆ ಬಟ್ಟೆಯ ಸೀಟಿಗೂ ನಮ್ಮ ಮಳೆಗಾಲದಲ್ಲಿ ದೊಡ್ಡ ತೊಂದರೆ ಇದೆ, ಅದನ್ನು ಮುಚ್ಚಿಡಬಾರದು. ಒಮ್ಮೆ ನೆನೆದರೆ ಒಣಗುವುದಿಲ್ಲ. ಬಟ್ಟೆ ಒಣಗಿದ ಹಾಗೆ ಕಂಡರೂ ಅಡಿಯ ಫೋಮು ವಾರಗಟ್ಟಲೆ ತೇವ ಹಿಡಿದಿರುತ್ತದೆ. ಮಕ್ಕಳು ಹಾಲು ಚೆಲ್ಲಿದರಂತೂ ಕಾರಿನ ಬಾಗಿಲು ತೆಗೆಯಲಾಗದಂಥ ವಾಸನೆ. ಚೆಲ್ಲಿದ ಕೂಡಲೇ ಒಣ ಬಟ್ಟೆಯಲ್ಲಿ ಒತ್ತಿ ಹೀರಿಸಬೇಕು, ಉಜ್ಜಬಾರದು. ಆಮೇಲೆ ಎಸಿ ಹಾಕಿಕೊಂಡು ಅರ್ಧ ಗಂಟೆ ಓಡಾಡಬೇಕು. ಎಸಿ ತಂಪು ಮಾಡುವುದರ ಜೊತೆಗೆ ಗಾಳಿಯ ತೇವವನ್ನೂ ತೆಗೆಯುತ್ತದೆ.

ಟ್ಯಾಕ್ಸಿ ಸ್ಟ್ಯಾಂಡು, ಆಮೇಲೆ ಶೋರೂಮು

ಹೊಸ ಕಾರಿನ ಒಳಾಂಗಣ ಹೇಗೆ ಹಳೆಯದಾಗುತ್ತದೆ ಅಂತ ತಿಳಿಯಬೇಕಾದರೆ ಅದೇ ಮಾಡೆಲ್ಲಿನ ಟ್ಯಾಕ್ಸಿ ಹುಡುಕಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ನಾವು ನೋಡಿಟ್ಟಿದ್ದ ಮಾಡೆಲ್ಲಿನ ನಾಲ್ಕು ವರ್ಷದ ಟ್ಯಾಕ್ಸಿಯೊಂದು ಶಿರಸಿಯಲ್ಲೇ ಸಿಕ್ಕಿತು. ಎರಡು ಲಕ್ಷ ಕಿಲೋಮೀಟರ್ ಓಡಿತ್ತು. ಓಡಿಸುವವರು ಬಾಗಿಲು ತೆಗೆದು ಸಮಾಧಾನದಿಂದ ತೋರಿಸಿದರು. ನಾನು ಮೊದಲು ನೋಡಿದ್ದು ಡ್ರೈವರ್ ಸೀಟಿನ ಬಲಬದಿಯ ಉಬ್ಬು. ಹತ್ತಿ ಇಳಿಯುವಾಗ ತೊಡೆ ಉಜ್ಜುವುದು ಅಲ್ಲೇ. ಎಲ್ಲ ಕಾರಿನಲ್ಲೂ ಮೊದಲು ಸವೆಯುವ ಜಾಗ ಅದು. ಬಟ್ಟೆಯಲ್ಲಿ ಜುಂಗು ಎದ್ದಿತ್ತು, ಒಳಗಿನ ಫೋಮು ಕುಸಿದು ಉಬ್ಬು ಚಪ್ಪಟೆಯಾಗಿತ್ತು, ಆದರೆ ಹರಿದಿರಲಿಲ್ಲ. ಹೊಲಿಗೆ ಗಟ್ಟಿ ಇತ್ತು. ಅದು ಪಾಲಿಯೆಸ್ಟರ್ ದಾರ. ಕವರಿಗೆ ಹತ್ತಿಯ ದಾರ ಹಾಕಿದರೆ ಬಟ್ಟೆ ಇರುವಾಗಲೇ ಹೊಲಿಗೆ ಬಿಡುತ್ತದೆ ಅಂತ ಅಂಗಡಿಯಣ್ಣ ಹೇಳಿದ್ದರು. ಟ್ಯಾಕ್ಸಿಯವರು ಹೇಳಿದ ಇನ್ನೊಂದು ಮಾತು ನನಗೆ ಉಪಯೋಗಕ್ಕೆ ಬಂತು. ಫ್ಲೋರ್ ಲ್ಯಾಮಿನೇಷನ್ ಹಾಕಿಸಬೇಡಿ ಅಂದರು. ಸೀಟು ಬಿಚ್ಚಿ, ಕಾರ್ಪೆಟ್ಟಿನ ಮೇಲೆ ದಪ್ಪ ರೆಕ್ಸಿನ್ ಹಾಸಿ ಅಂಚು ಮುಚ್ಚಿಬಿಡುತ್ತಾರಲ್ಲ, ಅದು. ಮೇಲಿನಿಂದ ಒರೆಸಲು ಸುಲಭ. ಆದರೆ ಒಂದು ಸಲ ನೀರು ಅಡಿಗೆ ಇಳಿದರೆ ಹೊರಗೆ ಬರುವ ದಾರಿ ಇಲ್ಲ. ಕಾರ್ಪೆಟ್ಟು ಕೊಳೆಯುತ್ತದೆ, ತಗಡಿಗೆ ತುಕ್ಕು ಹಿಡಿಯುತ್ತದೆ. ಎತ್ತಿ ತೊಳೆಯಲು ಬರುವ ರಬ್ಬರ್ ಮ್ಯಾಟೇ ಸಾಕು.

ಶೋರೂಮಿಗೆ ನಾಲ್ಕೂ ಜನ ಹೋದೆವು. ಮಗಳಿಗೆ ಟಾಪ್ ವೇರಿಯಂಟೇ ಬೇಕು, ಅದರಲ್ಲಿ ಸನ್‌ರೂಫ್ ಇದೆ. ಅದರ ಜೊತೆಗೆ ಬರುವುದು ಬಿಳಿಗೆ ಹತ್ತಿರದ ಬೀಜ್ ಬಣ್ಣದ ಲೆದರೆಟ್ ಸೀಟು. ಬಟ್ಟೆಯ ಸೀಟು ಬೇಕಾದರೆ ಮಧ್ಯದ ವೇರಿಯಂಟಿಗೆ ಇಳಿಯಬೇಕು, ಆಗ ಸನ್‌ರೂಫ್ ಹೋಗುತ್ತದೆ. ಸೀಟಿನ ಬಟ್ಟೆಯನ್ನು ಬೇರೆಯಾಗಿ ಆರಿಸುವ ಅವಕಾಶವೇ ಇಲ್ಲ. ನನಗೆ ಇದು ಬೇಸರದ ಸಂಗತಿ. ಮಂಗಳೂರಿಗೂ ರಾಯಚೂರಿಗೂ ಒಂದೇ ಸೀಟು ಕಳಿಸುವವರು, ಬಟ್ಟೆಯೋ ಲೆದರೆಟ್ಟೋ ಅಂತ ಒಂದು ಮಾತು ಕೇಳಬಹುದಿತ್ತು. ಬೀಜ್ ಸೀಟಿಗೆ ಜೀನ್ಸಿನ ನೀಲಿ ಹತ್ತುತ್ತದೆ, ಕೆಂಪು ಮಣ್ಣಿನ ಊರಿನಲ್ಲಿ ಅದನ್ನು ಬಿಳಿಯಾಗಿ ಇಡುವುದು ಕಷ್ಟ. ಕಪ್ಪಾದರೆ ಬಿಸಿಲು ಹೀರಿ ಕಾಯುತ್ತದೆ. ಕಡು ಬೂದು ನಡುವಿನದು. ಮಾರಾಟದ ಹುಡುಗ "ಸರ್, ಬಟ್ಟೆಯದ್ದೇ ತಗೊಳ್ಳಿ, ಮೇಲೆ ನಾವೇ ಲೆದರ್ ಕವರ್ ಹಾಕಿಕೊಡುತ್ತೇವೆ" ಅಂದ. ಸೀಟಿನ ಬದಿಯ ಹೊಲಿಗೆಯಲ್ಲಿದ್ದ ಸಣ್ಣ ಪಟ್ಟಿಯನ್ನು ಅವನಿಗೆ ತೋರಿಸಿದೆ. ಏರ್‌ಬ್ಯಾಗ್ ಅಂತ ಬರೆದಿತ್ತು. ಮುಂದಿನ ಸೀಟಿನ ಪಕ್ಕದಲ್ಲಿ ಇರುವ ಏರ್‌ಬ್ಯಾಗು ಆ ಹೊಲಿಗೆಯನ್ನು ಹರಿದುಕೊಂಡು ಕಣ್ಣು ಮಿಟುಕಿಸುವುದರೊಳಗೆ ಹೊರಗೆ ಬರಬೇಕು. ಮೇಲೆ ಬಿಗಿಯಾಗಿ ದಪ್ಪ ಕವರ್ ಎಳೆದರೆ ಅದಕ್ಕೆ ದಾರಿ ಇರುವುದಿಲ್ಲ. ಈಗ ಸಣ್ಣ ಕಾರುಗಳಲ್ಲೂ ಆರು ಏರ್‌ಬ್ಯಾಗ್ ಬರುತ್ತಿವೆ. ಕವರ್ ಹಾಕಿಸಲೇಬೇಕು ಅನ್ನುವವರು ಆ ಜಾಗದಲ್ಲಿ ಬಿಟ್ಟುಕೊಳ್ಳುವ ಹೊಲಿಗೆ ಇರುವುದನ್ನೇ ಕೇಳಿ ಹಾಕಿಸಿ, ಸುಮ್ನೆ ಅಂದಕ್ಕೆ ಅಂತ ಯಾವುದನ್ನೋ ಎಳೆಯಬೇಡಿ.

ನಾವು ಮಾತಾಡುತ್ತಿರುವಾಗ ಆಯಿ ಎರಡೂ ಕಾರಿನಲ್ಲಿ ಕೂತು ನೋಡಿದಳು. ಬೀಜ್ ಸೀಟಿನಲ್ಲಿ ಕೂತು ಕೈಯಲ್ಲಿ ಸವರಿ, ಚೆನ್ನಾಗಿದೆ ಅಂದಳು. ಆಮೇಲೆ ಬಟ್ಟೆ ಸೀಟಿನ ಕಾರಿಗೆ ಹೋಗಿ ಕೂತು, ಇಳಿದು, ಸೀರೆಯ ಹಿಂಭಾಗವನ್ನು ಮುಂದಕ್ಕೆ ಎಳೆದು ನೋಡಿಕೊಂಡಳು. ಅಲ್ಲಿ ಅಂಟುವಂಥದ್ದು ಏನೂ ಇರಲಿಲ್ಲ, ಕಾರು ಹೊಸದು. ಆದರೂ ನೋಡಿಕೊಂಡಳು. ಸನ್‌ರೂಫಿನ ಮಾತನ್ನು ಮಗಳು ಆಮೇಲೆ ಎತ್ತಲಿಲ್ಲ.

ಕಡು ಬೂದು ಬಟ್ಟೆಯ ಕಾರು ಶ್ರಾವಣದಲ್ಲಿ ಬಂತು. ಲ್ಯಾಮಿನೇಷನ್ ಬೇಡ, ಕವರ್ ಬೇಡ, ಡ್ಯಾಶ್‌ಬೋರ್ಡಿಗೆ ಹೊಳೆಯುವ ಪಾಲಿಶ್ ಬೇಡ ಅಂತ ಬುಕಿಂಗ್ ಕಾಗದದ ಮೇಲೇ ಬರೆಸಿದ್ದೆ. ಗಣಪತಿಯ ಮೂರ್ತಿಯನ್ನು ಎಡಗಡೆ ಏರ್‌ಬ್ಯಾಗಿನ ಮುಚ್ಚಳದ ಮೇಲೆ ಅಂಟಿಸಲು ಹೊರಟಿದ್ದರು. ಅಲ್ಲಿ ಬೇಡ ಅಂತ ತಡೆದು ಮನೆಗೆ ತಂದೆ. ಚಿಕ್ಕಂದಿನಲ್ಲಿ ಸರ್ಕಾರಿ ಅಂಬಾಸಿಡರ್ ಕಾರುಗಳ ಸೀಟಿನ ಮೇಲೆ ಬಿಳಿ ಟವೆಲ್ ಹಾಸಿರುವುದನ್ನು ನೋಡಿ, ದೊಡ್ಡವರ ಕಾರು ಅಂದರೆ ಹಾಗೆ ಅಂತ ಅಂದುಕೊಂಡಿದ್ದೆ. ಈಗ ಅದರ ಇನ್ನೊಂದು ಉಪಯೋಗ ಕಾಣುತ್ತದೆ. ಬೆವರು, ಎಣ್ಣೆ, ಧೂಳು ಎಲ್ಲ ಟವೆಲ್ಲಿಗೆ, ಟವೆಲ್ಲು ವಾರಕ್ಕೊಮ್ಮೆ ಒಗೆಯುವ ಕಲ್ಲಿಗೆ. ಆಯಿಗೆ ಇದನ್ನು ಹೇಳಿದೆ. ಅವಳು ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಹಿಂದಿನ ಸೀಟಿಗೆ ಒಂದು ಕೌದಿ ಹೊಲಿದಳು. ಅಳತೆಗೆ ಅಂತ ಎರಡು ಸಲ ಕಾರಿನೊಳಗೆ ಹೋಗಿ ಕೂತಳು. ಸೀಟ್ ಬೆಲ್ಟಿನ ಬಕಲ್ಲುಗಳು ಮುಚ್ಚಿಹೋಗಬಾರದು ಅಂತ ಮೂರು ಕಡೆ ಸೀಳು ಬಿಟ್ಟು, ಸೀಳಿನ ಅಂಚಿಗೆ ಕೆಂಪು ದಾರದಲ್ಲಿ ಗೊಂಡೆ ಹೊಲಿಗೆ ಹಾಕಿದ್ದಾಳೆ. ಕೆನೆ ಬಣ್ಣದ ಆ ರೇಷ್ಮೆ ಸೀರೆಯ ಕಲೆ ಡ್ರೈ ಕ್ಲೀನಿಂಗಿಗೂ ಪೂರ್ತಿ ಹೋಗಿಲ್ಲ. ಅದನ್ನು ಕೌದಿಗೆ ಹಾಕಿಲ್ಲ, ಮಡಿಸಿ ಟ್ರಂಕಿನಲ್ಲಿ ಇಟ್ಟಿದ್ದಾಳೆ.